ನಿಂಬೆ ಒಗ್ಗದೆಂಬ ಮಾತು: ಪ್ರಮಾಣಿಸಿ ನೋಡುವುದು ಹೇಗೆ?

ನಮ್ಮ ಕಡೆಯ ಅಡುಗೆಮನೆಗಳಲ್ಲಿ ನಿಂಬೆಯಷ್ಟು ನಿತ್ಯ ಬಳಕೆಯ ಹಣ್ಣು ಅಪರೂಪ. ಚನ್ನಗಿರಿಯ ಅಡಿಕೆ ತೋಟದ ಮನೆಯಿರಲಿ, ತುಂಗಭದ್ರೆಯ ದಂಡೆಯ ಹೊನ್ನಾಳಿಯಿರಲಿ, ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಿರಲಿ, ಮಳೆಯನ್ನೇ ನಂಬಿದ ಜಗಳೂರಿನ ರೈತನ ಮನೆಯಿರಲಿ, ಬೆಳಗಿನ ಚಿತ್ರಾನ್ನಕ್ಕೆ, ಬೇಸಿಗೆಯ ಪಾನಕಕ್ಕೆ, ಸಂಜೆಯ ಮಂಡಕ್ಕಿಗೆ, ವರ್ಷದ ಉಪ್ಪಿನಕಾಯಿಗೆ ನಿಂಬೆ ಬೇಕೇ ಬೇಕು. ಅದರ ಬಳಗದ ಕಿತ್ತಳೆ, ಮೂಸಂಬಿ, ಚಕ್ಕೋತ, ಮಾದಲ, ಹೇರಳೆಕಾಯಿಗಳೂ ನಮಗೆ ಅಪರಿಚಿತವಲ್ಲ. ರೋಗಿಯನ್ನು ನೋಡಲು ಹೋಗುವವರು ಕೈಯಲ್ಲಿ ಹಿಡಿದು ಹೋಗುವುದು ಮೂಸಂಬಿಯನ್ನೇ.

ಇಂಥ ಹಣ್ಣಿನ ವಿಷಯದಲ್ಲಿ "ನಮ್ಮ ಮಗುವಿಗೆ ನಿಂಬೆ ಆಗುವುದಿಲ್ಲ", "ನನಗೆ ಕಿತ್ತಳೆ ಅಲರ್ಜಿ" ಎಂಬ ಮಾತುಗಳು ಈಚೆಗೆ ಮನೆಮನೆಯಲ್ಲೂ ಕೇಳಿಬರುತ್ತಿವೆ. ಹೀಗೆ ಹೇಳುವವರಲ್ಲಿ ಕೆಲವರ ಮಾತು ನಿಜ, ಅವರು ಬಹಳ ಎಚ್ಚರದಿಂದಿರಬೇಕು. ಹಲವರ ಮಾತು ಊಹೆ, ಅವರು ಕಾರಣವಿಲ್ಲದೆ ಒಂದು ಒಳ್ಳೆಯ ಆಹಾರವನ್ನು ತೊರೆದಿರುತ್ತಾರೆ. ಇನ್ನು ಮೂರನೆಯ ಬಗೆಯೊಂದುಂಟು. ಅಲ್ಲಿ ಅಲರ್ಜಿಯೇನೋ ನಿಜ, ಆದರೆ ದೋಷಿ ನಿಂಬೆಯಲ್ಲ. ನಿಂಬೆಯನ್ನು ಮನೆಯಿಂದ ಹೊರಗಿಟ್ಟು, ನಿಜವಾದ ದೋಷಿಯನ್ನು ನಿತ್ಯವೂ ತಟ್ಟೆಗೆ ಬಡಿಸುತ್ತಿರುತ್ತಾರೆ. ಮೂರರಲ್ಲಿ ಇದೇ ಅತ್ಯಂತ ಅಪಾಯಕರವಾದುದು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೂ ಸಲ್ಲುತ್ತದೆ. ಪ್ರಮಾಣಿಸಿ ನೋಡುವ ಬಗೆ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಅಲರ್ಜಿ ಎಂದರೇನು?

ಅಲರ್ಜಿ ಎಂಬ ಪದವನ್ನು ೧೯೦೬ರಲ್ಲಿ ಮೊದಲು ಬಳಸಿದವನು ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ಮಾತಿನಲ್ಲಿ ಇದನ್ನು ಒಗ್ಗದಿಕೆ ಎನ್ನಬಹುದು. ಆದರೆ ದೇಹಕ್ಕೆ ಒಗ್ಗದ ಎಲ್ಲವೂ ಅಲರ್ಜಿಯಲ್ಲ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಎದುರಿಸುವ ಒಂದು ರಕ್ಷಣಾ ವ್ಯವಸ್ಥೆಯಿದೆ. ಅದು ನಿರಪಾಯಕರವಾದ ಒಂದು ಆಹಾರವನ್ನು ಶತ್ರುವೆಂದು ಭ್ರಮಿಸಿ ಅದರ ಮೇಲೆ ಏರಿ ಹೋಗುವುದೇ ಅಲರ್ಜಿ. ಹಗ್ಗವನ್ನು ಹಾವೆಂದು ತಿಳಿದು ಕೋಲೆತ್ತುವ ಕಾವಲುಗಾರನಂತೆ, ಇಲ್ಲಿ ಪೆಟ್ಟು ಬೀಳುವುದು ಮನೆಯವರಿಗೇ.

ಈ ಭ್ರಾಂತಿಗೆ ಸಾಧನವಾದುದು ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ಪ್ರತಿಕಾಯ. ೧೯೬೬-೬೭ರಲ್ಲಿ ಅಮೆರಿಕದಲ್ಲಿ ಇಶಿಜಾಕಾ ದಂಪತಿಗಳೂ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನಿಕ್ ಎಂಬುವರೂ ಇದನ್ನು ಬೇರೆಬೇರೆಯಾಗಿ ಕಂಡುಹಿಡಿದರು. ೧೯೬೮ರಲ್ಲಿ ಅದಕ್ಕೆ 'ಐಜಿಇ' ಎಂಬ ಹೆಸರು ನಿಶ್ಚಿತವಾಯಿತು. ಈ ಪ್ರತಿಕಾಯವು ಚರ್ಮ, ಮೂಗು, ಶ್ವಾಸನಾಳ, ಕರುಳುಗಳ ಒಳಪದರದಲ್ಲಿರುವ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾದಿರುತ್ತದೆ. ತಾನು ಗುರುತಿಟ್ಟ ಪದಾರ್ಥ ಮತ್ತೆ ದೇಹದೊಳಗೆ ಬಂದಾಗ ಆ ಕೋಶಗಳಿಂದ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಒಮ್ಮೆಗೇ ಹೊರಬೀಳುತ್ತವೆ. ಆಗ ಪಿತ್ತದ ಗಂಧೆ ಏಳುವುದು, ತುಟಿ ಊದುವುದು, ಗಂಟಲು ಕೆರೆಯುವುದು, ಉಬ್ಬಸ, ವಾಂತಿ ಮೊದಲಾದ ಲಕ್ಷಣಗಳು ಕಾಣಿಸುತ್ತವೆ. ಇವು ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳ ಒಳಗೆ ಬರುತ್ತವೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ನೆನಪಿಡಬೇಕು. ಈ ಬಗೆಯ ಅಲರ್ಜಿ ಉಂಟಾಗುವುದು ನಿಂಬೆಯ ಹುಳಿಯಿಂದಲ್ಲ, ಅದರ ತಿರುಳು, ಸಿಪ್ಪೆ, ಬೀಜಗಳಲ್ಲಿರುವ ಕೆಲವು ಪ್ರೋಟೀನುಗಳಿಂದ. ಕಿತ್ತಳೆಯಲ್ಲಿ ಇಂಥ ಹಲವು ಪ್ರೋಟೀನುಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅವುಗಳಲ್ಲಿ ಪ್ರೊಫಿಲಿನ್ ಎಂಬುದು ಬೇಯಿಸಿದರೆ ಕೆಡುವ ದುರ್ಬಲ ಪ್ರೋಟೀನು. ಅದರಿಂದ ಬಹುಮಟ್ಟಿಗೆ ಬಾಯಿ, ತುಟಿಗಳ ತುರಿಕೆಯಷ್ಟೇ ಆಗುತ್ತದೆ. ಪರಾಗದ ಅಲರ್ಜಿಯಿರುವವರಿಗೆ ಕೆಲವು ಹಣ್ಣುಗಳನ್ನು ತಿಂದಾಗ ಬಾಯಿ ನವೆಯಾಗುವುದು ಇಂಥ ಪ್ರೋಟೀನುಗಳ ಹೋಲಿಕೆಯಿಂದ. ಕೊಬ್ಬನ್ನು ಸಾಗಿಸುವ ಮತ್ತೊಂದು ಪ್ರೋಟೀನು ಬೆಂಕಿಗೂ ಜಠರರಸಕ್ಕೂ ಜಗ್ಗದು. ಅದರಿಂದ ಇಡೀ ದೇಹಕ್ಕೆ ವ್ಯಾಪಿಸುವ ತೀವ್ರ ತೊಂದರೆಯೂ ಆಗಬಹುದು. ಆದುದರಿಂದ ಒಂದೇ ಹಣ್ಣು ಒಬ್ಬರಿಗೆ ಬಾಯಿಯ ನವೆ ಮಾತ್ರ ಆಗಿ, ಇನ್ನೊಬ್ಬರಿಗೆ ಪ್ರಾಣಸಂಕಟವಾಗುವುದುಂಟು.

ಅಲರ್ಜಿಯಲ್ಲದ ತೊಂದರೆಗಳು

ನಿಂಬೆ ತಿಂದಾಗ ಅಥವಾ ಮುಟ್ಟಿದಾಗ ಆಗುವ ತೊಂದರೆಗಳಲ್ಲಿ ಬಹಳಷ್ಟು ಅಲರ್ಜಿಯ ಲೆಕ್ಕಕ್ಕೆ ಬರುವುದಿಲ್ಲ. ಮೊದಲನೆಯದು ಹುಳಿಯ ಉರಿ. ಕಿತ್ತಳೆಯ ತೊಳೆಯನ್ನು ಹೀರುವ ಎಳೆಯ ಮಗುವಿನ ತುಟಿಯ ಸುತ್ತ, ಗಲ್ಲದ ಮೇಲೆ ಕೆಂಪಾಗುವುದನ್ನು ತಾಯಂದಿರು ನೋಡಿರುತ್ತಾರೆ. ರಸ ತಾಗಿದ ಜಾಗದಲ್ಲಷ್ಟೇ ಕೆಂಪಾಗಿ, ತೊಳೆದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮಾಯವಾದರೆ ಅದು ಬಹುತೇಕ ಹುಳಿಯ ಉರಿಯೇ. ಆದರೆ ರಸ ತಾಗದ ಹೊಟ್ಟೆ, ಬೆನ್ನುಗಳ ಮೇಲೆ ಗಂಧೆ ಎದ್ದರೆ, ಕಣ್ಣು ತುಟಿಗಳು ಊದಿದರೆ, ಅದನ್ನು ಉರಿಯೆಂದು ತಳ್ಳಿಹಾಕಬಾರದು. ಬಾಯಿಹುಣ್ಣಿಗೆ ನಿಂಬೆ ತಾಗಿ ಉರಿಯುವುದು, ಎದೆಯುರಿ, ಹುಳಿತೇಗು ಇವೂ ಹುಳಿಯ ಕೆಲಸವೇ.

ಎರಡನೆಯದು ಬಿಸಿಲಿನ ಸುಡುಗಾಯ. ನಿಂಬೆಯ ಸಿಪ್ಪೆಯಲ್ಲಿ ಸೊರಾಲೆನ್ ವರ್ಗದ ದ್ರವ್ಯಗಳಿವೆ. ಅವು ಚರ್ಮಕ್ಕೆ ತಾಗಿದ ಮೇಲೆ ಕಡು ಬಿಸಿಲು ಬಿದ್ದರೆ, ಒಂದು ದಿನದಿಂದ ಮೂರು ದಿನಗಳ ಒಳಗೆ ಅಲ್ಲಿ ಕೆಂಪಾಗಿ, ಕೆಲವೊಮ್ಮೆ ಬೊಬ್ಬೆಯೆದ್ದು, ಬಳಿಕ ಕಪ್ಪು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಮದುವೆಮನೆಯಲ್ಲಿ ನೂರಾರು ನಿಂಬೆ ಹಿಂಡಿದವರು, ಬೇಸಿಗೆಯಲ್ಲಿ ಶರಬತ್ತು ಮಾರುವವರು, ಉಪ್ಪಿನಕಾಯಿ ಹೆಚ್ಚಿ ಅಂಗಳದ ಬಿಸಿಲಿಗೆ ಹೋದವರು ಕೈಗಳ ಮೇಲೆ ಇಂಥ ಕಲೆ ಕಂಡು ಗಾಬರಿಪಡುವುದುಂಟು. ಇದು ಅಲರ್ಜಿಯಲ್ಲ, ಯಾರಿಗಾದರೂ ಆಗಬಹುದು. ನಿಂಬೆ ಹಿಂಡಿದ ಕೈಯನ್ನು ಸಾಬೂನಿನಿಂದ ತೊಳೆದು ಬಿಸಿಲಿಗೆ ಹೋದರೆ ಇದನ್ನು ತಡೆಯಬಹುದು. ಮುಖದ ಕಾಂತಿಗೆಂದು ನಿಂಬೆಯ ಹೋಳನ್ನು ಉಜ್ಜಿಕೊಂಡು ಹೊರಡುವ ಹೆಣ್ಣುಮಕ್ಕಳಿಗೂ ಇದನ್ನು ತಿಳಿಸಬೇಕು.

ಮೂರನೆಯದು ಸಿಪ್ಪೆಯ ಎಣ್ಣೆಯಿಂದಾಗುವ ಸ್ಪರ್ಶದ ಅಲರ್ಜಿ. ಆ ಎಣ್ಣೆಯಲ್ಲಿರುವ ಲಿಮೊನೀನ್ ಗಾಳಿಗೆ ಒಡ್ಡಿ ಹಳತಾದಾಗ ಕೆಲವರ ಚರ್ಮಕ್ಕೆ ಒಗ್ಗದು. ಸಾಬೂನು, ಪಾತ್ರೆ ತೊಳೆಯುವ ದ್ರವ, ಸುಗಂಧ ದ್ರವ್ಯಗಳಲ್ಲಿಯೂ ಅದಿರುತ್ತದೆ. ಇದು ಅಲರ್ಜಿಯೇ ಹೌದಾದರೂ ಐಜಿಇಯ ಬಗೆಯಲ್ಲ. ಕೈಗಳಲ್ಲಿ ಒಂದೆರಡು ದಿನಗಳ ಮೇಲೆ ಕಜ್ಜಿಯಂತೆ ಕಾಣಿಸುತ್ತದೆ, ಇದರ ಪರೀಕ್ಷೆಯೂ ಬೇರೆ.

ನಾಲ್ಕನೆಯದು ಬರಿಯ ಕಾಕತಾಳೀಯ. ಕಾಗೆ ಕೂಡುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ, ಕಿತ್ತಳೆ ಬರುವ ಚಳಿಗಾಲದಲ್ಲಿಯೇ ಮಕ್ಕಳಿಗೆ ನೆಗಡಿ ಬರುತ್ತದೆ. ನೆಗಡಿಗೆ ಕಾರಣ ಸೋಂಕು, ಅಪವಾದ ಮಾತ್ರ ಹಣ್ಣಿನ ಮೇಲೆ.

ಚಿತ್ರಾನ್ನದ ತಟ್ಟೆಯಲ್ಲಿರುವುದು ನಿಂಬೆಯೊಂದೇ ಅಲ್ಲ

ಮಗುವೊಂದು ಚಿತ್ರಾನ್ನ ತಿಂದ ಅರ್ಧ ಗಂಟೆಯಲ್ಲಿ ಮೈಯೆಲ್ಲ ಗಂಧೆ ಎದ್ದು ಕೆಮ್ಮತೊಡಗಿತೆಂದು ಭಾವಿಸೋಣ. ಮನೆಯವರು ಒಡನೆಯೇ "ನಿಂಬೆ ಆಗಲಿಲ್ಲ" ಎಂದು ತೀರ್ಮಾನಿಸುತ್ತಾರೆ. ಆದರೆ ಆ ತಟ್ಟೆಯಲ್ಲಿ ಇನ್ನೇನೇನಿದ್ದವು? ಸೇಂಗಾ ಇತ್ತು, ಸಾಸಿವೆ ಇತ್ತು, ಕಡಲೆಬೇಳೆ ಇತ್ತು, ಅರಿಸಿನ, ಕರಿಬೇವು, ಒಗ್ಗರಣೆಯ ಎಣ್ಣೆ ಇದ್ದವು, ಹಬ್ಬದ ದಿನವಾಗಿದ್ದರೆ ಗೋಡಂಬಿಯೂ ಇತ್ತು. ಇವುಗಳಲ್ಲಿ ಸೇಂಗಾ, ಗೋಡಂಬಿ, ಸಾಸಿವೆಗಳು ತೀವ್ರ ಅಲರ್ಜಿಗೆ ಕಾರಣವಾಗಬಲ್ಲವೆಂದು ಲೋಕಪ್ರಸಿದ್ಧವಾದವು. ನಿಂಬೆಯ ತೀವ್ರ ಅಲರ್ಜಿ ಅವುಗಳಿಗೆ ಹೋಲಿಸಿದರೆ ವಿರಳ. ಸೇಂಗಾ ಬೆಳೆಯುವ ಜಗಳೂರಿನ ಸೀಮೆಯಲ್ಲಿ ಚಟ್ನಿಪುಡಿ, ಹೋಳಿಗೆ, ಉಂಡೆ, ಪಲ್ಯಗಳಲ್ಲೆಲ್ಲ ಅದು ಸೇರಿರುತ್ತದೆ. ನಿತ್ಯ ಬಳಸುವ ಕಾಳಿನ ಮೇಲೆ ನಮಗೆ ಸಂಶಯವೇ ಬರುವುದಿಲ್ಲ. ದೋಷವನ್ನು ನಿಂಬೆಗೆ ಹೊರಿಸಿ, ಆ ಮಗುವಿಗೆ ನಾಳೆ ಹುಣಸೆಹುಳಿಯ ಪುಳಿಯೋಗರೆಯನ್ನು ಸೇಂಗಾ ಸಹಿತ ಬಡಿಸಿದರೆ ಏನಾದೀತೆಂದು ಯೋಚಿಸಬೇಕು. ತಪ್ಪು ನಿದಾನವೆಂಬುದು ಹಣ್ಣೊಂದರ ನಷ್ಟಕ್ಕೆ ಮುಗಿಯುವುದಿಲ್ಲವೆಂದು ಹೇಳಿದ್ದು ಈ ಕಾರಣಕ್ಕೆ.

ಹಿಂದೆ ಪಾಠಶಾಲೆಗಳಲ್ಲಿ ತರ್ಕ ಓದಿದವರಿಗೆ ಅನ್ವಯ-ವ್ಯತಿರೇಕವೆಂಬ ಕ್ರಮ ಗೊತ್ತಿರುತ್ತದೆ. ಕಾರಣವಿದ್ದಾಗ ಕಾರ್ಯವಿರುವುದು ಅನ್ವಯ, ಕಾರಣವಿಲ್ಲದಾಗ ಕಾರ್ಯವಿಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದರೆ ಮಾತ್ರ ಕಾರಣ ನಿಶ್ಚಯ. ಪಾನಕ ಕುಡಿದಾಗ, ಮೂಸಂಬಿ ತಿಂದಾಗ, ಉಪ್ಪಿನಕಾಯಿ ನೆಕ್ಕಿದಾಗ ಏನೂ ಆಗದ ಮಗುವಿಗೆ ಚಿತ್ರಾನ್ನದಲ್ಲಿ ಮಾತ್ರ ತೊಂದರೆಯಾದರೆ, ನಿಂಬೆಯ ಮೇಲಿನ ಆರೋಪ ಅಲ್ಲಿಗೇ ಸಡಿಲವಾಗುತ್ತದೆ.

ಆದುದರಿಂದ ಪರೀಕ್ಷೆಯ ಮೊದಲ ಹಂತ ಆಸ್ಪತ್ರೆಯಲ್ಲಿಲ್ಲ, ಮನೆಯಲ್ಲಿದೆ. ಒಂದು ಪುಸ್ತಕದಲ್ಲಿ ಇಷ್ಟನ್ನು ಬರೆದಿಡಿ: ತಿಂದುದೇನು, ಅದರಲ್ಲಿ ಸೇರಿದ್ದ ಪದಾರ್ಥಗಳೆಲ್ಲ ಯಾವುವು, ಎಷ್ಟು ತಿಂದದ್ದು, ಎಷ್ಟು ಹೊತ್ತಿನಲ್ಲಿ ತೊಂದರೆ ಆರಂಭವಾಯಿತು, ದೇಹದ ಯಾವ ಭಾಗದಲ್ಲಿ, ಎಷ್ಟು ಹೊತ್ತು ಇತ್ತು, ಅದೇ ಪದಾರ್ಥ ಹಿಂದೆ ತಿಂದಾಗ ಏನಾಗಿತ್ತು, ಆ ದಿನ ನೋವಿನ ಮಾತ್ರೆ ನುಂಗಿದ್ದುಂಟೇ, ತಿಂದೊಡನೆ ಓಡಾಟ ಅಥವಾ ಶ್ರಮದ ಕೆಲಸ ಮಾಡಿದ್ದುಂಟೇ. ಕಡೆಯ ಎರಡು ಪ್ರಶ್ನೆಗಳು ವಿಚಿತ್ರವೆನಿಸಬಹುದು. ಆದರೆ ಕೆಲವರಿಗೆ ಆಹಾರದ ಜೊತೆಗೆ ಶ್ರಮ ಅಥವಾ ಕೆಲವು ಬಗೆಯ ಮಾತ್ರೆ ಸೇರಿದಾಗಲೇ ಅಲರ್ಜಿ ಉಲ್ಬಣಿಸುತ್ತದೆ. ಗಂಧೆ ಎದ್ದಾಗ ಅದರ ಛಾಯಾಚಿತ್ರ ತೆಗೆದಿಟ್ಟರೆ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ.

ವೈದ್ಯರು ಮಾಡುವ ಪರೀಕ್ಷೆಗಳು

ಚರ್ಮದ ಮೇಲೆ ಅಲರ್ಜಿಯನ್ನು ಪರೀಕ್ಷಿಸುವ ಕ್ರಮಕ್ಕೆ ದಾರಿ ತೋರಿದವನು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ಹುಲ್ಲಿನ ಪರಾಗವನ್ನು ತನ್ನ ಚರ್ಮದ ಮೇಲೆಯೇ ಪ್ರಯೋಗಿಸಿ, ಅದರ ವಿವರವನ್ನು ಅವನು ೧೮೭೩ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಇಂದಿನ ಕ್ರಮದಲ್ಲಿ ಮುಂಗೈಯ ಒಳಭಾಗದ ಮೇಲೆ ಪದಾರ್ಥದ ಸತ್ವದ ಒಂದು ಹನಿ ಇಟ್ಟು, ಸೂಕ್ಷ್ಮ ಮೊನೆಯಿಂದ ಚರ್ಮವನ್ನು ಮೆಲ್ಲನೆ ಚುಚ್ಚುತ್ತಾರೆ. ಪಕ್ಕದಲ್ಲಿ ಹಿಸ್ಟಮಿನ್ನಿನ ಒಂದು ಹನಿ, ಬರಿಯ ಉಪ್ಪುನೀರಿನ ಒಂದು ಹನಿ ಹೋಲಿಕೆಗಾಗಿ ಇರುತ್ತವೆ. ೧೫-೨೦ ನಿಮಿಷಗಳ ಬಳಿಕ ಎದ್ದ ದದ್ದನ್ನು ಅಳೆಯುತ್ತಾರೆ. ಉಪ್ಪುನೀರಿನ ಗುರುತಿಗಿಂತ ೩ ಮಿಲಿಮೀಟರು ಅಥವಾ ಹೆಚ್ಚು ಅಗಲವಾಗಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ.

ಹಣ್ಣಿನ ವಿಷಯದಲ್ಲಿ ಒಂದು ವಿಶೇಷವಿದೆ. ಸೀಸೆಯಲ್ಲಿ ಬರುವ ಹಣ್ಣಿನ ಸತ್ವಗಳಲ್ಲಿ ದುರ್ಬಲ ಪ್ರೋಟೀನುಗಳು ಕೆಟ್ಟುಹೋಗಿರುವ ಸಂಭವವುಂಟು. ಆಗ ಅಲರ್ಜಿಯಿದ್ದರೂ ಇಲ್ಲವೆಂದು ತೋರಬಹುದು. ಅದಕ್ಕಾಗಿ ತಾಜಾ ಹಣ್ಣನ್ನೇ ಮೊನೆಯಿಂದ ಚುಚ್ಚಿ, ಅದೇ ಮೊನೆಯಿಂದ ಚರ್ಮವನ್ನು ಚುಚ್ಚುವ ಕ್ರಮವನ್ನು ವೈದ್ಯರು ಅನುಸರಿಸುತ್ತಾರೆ. ಯಾವ ಹಣ್ಣಿನಿಂದ ತೊಂದರೆಯಾಯಿತೋ ಅದೇ ಜಾತಿಯ ಹಣ್ಣನ್ನು ತರಲು ಅವರು ಹೇಳಬಹುದು. ನೆಗಡಿ, ತುರಿಕೆಗಳಿಗೆ ನುಂಗುವ ಆ್ಯಂಟಿಹಿಸ್ಟಮಿನ್ ಮಾತ್ರೆಗಳು ಈ ಪರೀಕ್ಷೆಯ ಫಲವನ್ನು ಮರೆಸುವುದರಿಂದ, ಅವುಗಳನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಎರಡನೆಯದು ರಕ್ತಪರೀಕ್ಷೆ. ಆಯಾ ಹಣ್ಣಿಗೆ ಸಂಬಂಧಿಸಿದ ಐಜಿಇ ಎಷ್ಟಿದೆಯೆಂದು ಇದರಲ್ಲಿ ಅಳೆಯುತ್ತಾರೆ. ಚರ್ಮರೋಗವಿರುವವರಿಗೆ, ಮಾತ್ರೆ ನಿಲ್ಲಿಸಲಾಗದವರಿಗೆ ಇದು ಅನುಕೂಲ. ಕೈಗಳಿಗೆ ಕಜ್ಜಿಯಾಗುವ ಸ್ಪರ್ಶದ ಅಲರ್ಜಿಗಾದರೋ ಬೆನ್ನಿನ ಮೇಲೆ ಪಟ್ಟಿ ಅಂಟಿಸುವ ಬೇರೊಂದು ಪರೀಕ್ಷೆಯುಂಟು. ಪಟ್ಟಿಯನ್ನು ಎರಡು ದಿನ ಹಾಗೆಯೇ ಬಿಟ್ಟು, ತೆಗೆದಾಗಲೊಮ್ಮೆ, ಮತ್ತೆ ಒಂದೆರಡು ದಿನಗಳ ಮೇಲೊಮ್ಮೆ ನೋಡುತ್ತಾರೆ.

ಎಲ್ಲಕ್ಕಿಂತ ನಿರ್ಣಾಯಕವಾದುದು ಆಸ್ಪತ್ರೆಯಲ್ಲಿ ವೈದ್ಯರ ಎದುರಿಗೇ ಹಣ್ಣನ್ನು ತಿನ್ನಿಸಿ ನೋಡುವುದು. ಮೊದಲು ಒಂದು ಹನಿ, ಸ್ವಲ್ಪ ಹೊತ್ತು ಕಾದು ಇನ್ನಷ್ಟು, ಹೀಗೆ ಹಂತಹಂತವಾಗಿ ಏರಿಸುತ್ತಾರೆ. ತೊಂದರೆ ತೋರಿದೊಡನೆ ನಿಲ್ಲಿಸಿ ಚಿಕಿತ್ಸೆ ಕೊಡುತ್ತಾರೆ. ಇದನ್ನು ಮನೆಯಲ್ಲಿ ಮಾಡಿ ನೋಡುವ ಸಾಹಸ ಸರ್ವಥಾ ಬೇಡ. ಅದರಲ್ಲೂ ಹಿಂದೆ ಒಮ್ಮೆ ಉಸಿರು ಕಟ್ಟಿದವರು, ಮೂರ್ಛೆ ಹೋದವರು ಮನೆಯಲ್ಲಿ ಒಂದು ತೊಳೆಯನ್ನೂ ಬಾಯಿಗಿಡಬಾರದು.

ಪರೀಕ್ಷೆಯ ಫಲವನ್ನು ಓದುವ ಬಗೆ

ಪರೀಕ್ಷೆಯ ಕಾಗದದಲ್ಲಿ ಐಜಿಇ ಇದೆಯೆಂದು ಬಂದ ಮಾತ್ರಕ್ಕೆ ಅಲರ್ಜಿ ಸಿದ್ಧವಾಯಿತೆಂದು ತಿಳಿಯಬಾರದು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ನಿದರ್ಶನ ದೊರೆತಿದೆ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಅವರೂ ಸಂಗಡಿಗರೂ ಯುರೋಪಿನ ಸಂಶೋಧಕರೊಡನೆ ಸೇರಿ, ಬೆಂಗಳೂರು ಮತ್ತು ಮೈಸೂರುಗಳಲ್ಲಿ ೧೧ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಒಂದು ಅಧ್ಯಯನ ನಡೆಸಿದರು. ಅದರ ಫಲ ೨೦೧೬ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಯಾವುದಾದರೊಂದು ಆಹಾರಕ್ಕೆ ಐಜಿಇ ಪ್ರತಿಕಾಯವಿರುವವರು ನೂರಕ್ಕೆ ೨೬.೫ ಮಂದಿ. ಆದರೆ ಲಕ್ಷಣಗಳೂ ಪರೀಕ್ಷೆಯೂ ಕೂಡಿ, ಆಹಾರದ ಅಲರ್ಜಿ ಇರಬಹುದೆಂದು ಹೇಳಬಹುದಾದವರು ನೂರಕ್ಕೆ ೧.೨ ಮಂದಿ ಮಾತ್ರ. ಎಂದರೆ, ರಕ್ತದಲ್ಲಿ ಗುರುತು ಇದ್ದೂ ಆ ಆಹಾರವನ್ನು ಸುಖವಾಗಿ ಉಣ್ಣುತ್ತಿರುವವರೇ ಬಹುಸಂಖ್ಯಾತರು.

ತರ್ಕಶಾಸ್ತ್ರದ ಹಳೆಯ ಉದಾಹರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹೊಗೆ ಕಂಡಲ್ಲಿ ಬೆಂಕಿಯಿದೆಯೆಂದು ಹೇಳಬಹುದು. ಆದರೆ ಬೆಂಕಿಯಿರುವಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗೆಯೇ ತಿಂದೊಡನೆ ಏಳುವ ಅಲರ್ಜಿಯ ಹಿಂದೆ ಸಾಮಾನ್ಯವಾಗಿ ಐಜಿಇ ಇರುತ್ತದೆ. ಐಜಿಇ ಇದ್ದಲ್ಲೆಲ್ಲ ಅಲರ್ಜಿ ಇರುವುದಿಲ್ಲ. ಲಕ್ಷಣವಿಲ್ಲದ ಪರೀಕ್ಷೆ ಕುರುಡು, ಪರೀಕ್ಷೆಯಿಲ್ಲದ ಲಕ್ಷಣ ಕುಂಟು. ಎರಡನ್ನೂ ಕೂಡಿಸಿ ನೋಡುವ ವೈದ್ಯನ ವಿವೇಕವೇ ಪ್ರಮಾಣ. ಆದ್ದರಿಂದ ತೊಂದರೆಯೇ ಇಲ್ಲದ ಮಗುವಿಗೆ ನೂರಾರು ಪದಾರ್ಥಗಳ ಪಟ್ಟಿ ಹಿಡಿದು ರಕ್ತಪರೀಕ್ಷೆ ಮಾಡಿಸಿ, ಬಂದ ಫಲವನ್ನು ನೋಡಿ ಒಂದೊಂದನ್ನೇ ಬಿಡಿಸುತ್ತ ಹೋಗುವುದು ಅವಿವೇಕ. 'ಐಜಿಜಿ' ಎಂಬ ಬೇರೊಂದು ಪ್ರತಿಕಾಯವನ್ನು ಅಳೆದು, ಅಥವಾ ತಲೆಗೂದಲನ್ನು ನೋಡಿ ಆಹಾರದ ಅಲರ್ಜಿ ಹೇಳುವ ಪರೀಕ್ಷೆಗಳನ್ನೂ ತಜ್ಞರು ಒಪ್ಪುವುದಿಲ್ಲ. ಅವುಗಳಿಗೆ ಹಣ ಸುರಿಯಬೇಕಾಗಿಲ್ಲ.

ಮೊದಲು ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಮುಂದುವರಿಯುವುದು ಮೇಲು. ಜಗಳೂರಿನವರಿಗೆ ದಾವಣಗೆರೆ, ಚಿತ್ರದುರ್ಗಗಳು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರಿಗೆ ದಾವಣಗೆರೆ, ಶಿವಮೊಗ್ಗಗಳು ಹೋಗಿಬರುವ ದೂರದಲ್ಲಿವೆ. ಅಲ್ಲಿನ ದೊಡ್ಡ ಆಸ್ಪತ್ರೆಗಳ ಚರ್ಮರೋಗ, ಶ್ವಾಸಕೋಶ ಅಥವಾ ಮಕ್ಕಳ ವಿಭಾಗದಲ್ಲಿ, ಯಾವ ಪರೀಕ್ಷೆ ಯಾವ ದಿನ ದೊರೆಯುವುದೆಂದು ಮೊದಲೇ ವಿಚಾರಿಸಿಕೊಂಡು ಹೊರಡಿ.

ಪ್ರಾಣಾಪಾಯದ ಲಕ್ಷಣಗಳು

ಅಲರ್ಜಿಯ ಅತ್ಯುಗ್ರ ರೂಪಕ್ಕೆ ಅನಫಿಲಾಕ್ಸಿಸ್ ಎನ್ನುತ್ತಾರೆ. ೧೯೦೨ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಶಾರ್ಲ್ ರಿಶೆಗೆ ೧೯೧೩ರ ನೊಬೆಲ್ ಪಾರಿತೋಷಕ ದೊರೆಯಿತು. ತಿಂದ ಸ್ವಲ್ಪ ಹೊತ್ತಿನಲ್ಲಿ ನಾಲಗೆ ಗಂಟಲು ಊದುವುದು, ದನಿ ಒಡೆಯುವುದು, ಉಸಿರು ಸಿಳ್ಳೆಯಂತಾಗುವುದು, ಗಂಧೆಯೊಡನೆ ಮೇಲಿಂದ ಮೇಲೆ ವಾಂತಿ, ತಲೆಸುತ್ತು, ಮೂರ್ಛೆ ಇವು ಅದರ ಗುರುತುಗಳು. ಇದಕ್ಕೆ ಮೊದಲ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆ ಇದಕ್ಕೆ ಬದಲಾಗದು. ಒಡನೆಯೇ ೧೦೮ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಸಾಗಿಸಿ. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕುಳ್ಳಿರಿಸಬಹುದು, ನಡೆಸಬಾರದು. ಬಾಯಿಗೆ ಕಷಾಯ ಹಾಕುತ್ತ, ದೃಷ್ಟಿ ತೆಗೆಯುತ್ತ ಹೊತ್ತು ಕಳೆದರೆ ಹೋದ ನಿಮಿಷಗಳು ಮರಳಿ ಬಾರವು.

ಅಲರ್ಜಿ ನಿಜವಾದರೆ

ಪರೀಕ್ಷೆಯಿಂದ ಅಲರ್ಜಿ ನಿಶ್ಚಿತವಾದವರು ಕುಗ್ಗಬೇಕಾಗಿಲ್ಲ. ಹುಳಿಗೆ ಹುಣಸೆ, ಮಾವಿನಕಾಯಿ, ನೆಲ್ಲಿಕಾಯಿಗಳುಂಟು. ಸಿ ಜೀವಸತ್ವಕ್ಕೆ ನಿಂಬೆಯೇ ಬೇಕೆಂದಿಲ್ಲ, ನೆಲ್ಲಿ, ಪೇರಲ, ನುಗ್ಗೆಸೊಪ್ಪುಗಳಲ್ಲಿ ಅದು ನಿಂಬೆಗಿಂತ ಹೆಚ್ಚಾಗಿದೆ. ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪು ಹೆಸರಿನಲ್ಲಿ ಮಾತ್ರ ನಿಂಬೆ. ಅದನ್ನು ಇಂದು ಕಾರ್ಖಾನೆಗಳಲ್ಲಿ ಸಕ್ಕರೆಯ ದ್ರಾವಣದಲ್ಲಿ ಒಂದು ಬಗೆಯ ಬೂಷ್ಟನ್ನು ಬೆಳೆಸಿ ತಯಾರಿಸುತ್ತಾರೆ, ಹಣ್ಣಿನ ಪ್ರೋಟೀನು ಅದರಲ್ಲಿಲ್ಲ. ಒಂದು ನಿಂಬೆಗೆ ಅಲರ್ಜಿಯಾದರೆ ಕಿತ್ತಳೆ, ಮೂಸಂಬಿಗಳಿಗೂ ಆಗುವ ಸಂಭವವುಂಟು, ಆದರೆ ನಿಯಮವಲ್ಲ. ಅದನ್ನೂ ವೈದ್ಯರಿಂದಲೇ ತಿಳಿಯಬೇಕು. ನಮ್ಮ ಪೂಜೆಯ ಬಿಲ್ವ, ಒಗ್ಗರಣೆಯ ಕರಿಬೇವು, ಬೇಲದ ಹಣ್ಣು ಇವು ಸಸ್ಯಶಾಸ್ತ್ರದಂತೆ ನಿಂಬೆಯ ಕುಲಕ್ಕೇ ಸೇರಿದವೆಂದರೆ ಹಲವರಿಗೆ ಆಶ್ಚರ್ಯವಾದೀತು. ಕುಲ ಒಂದಾದ ಮಾತ್ರಕ್ಕೆ ಗುಣ ಒಂದಾಗಬೇಕಿಲ್ಲ. ತೊಂದರೆ ಕೊಡದ ಕರಿಬೇವನ್ನು ನಿಂಬೆಯ ನಂಟಿಗಾಗಿ ಬಿಡಬೇಕಾಗಿಲ್ಲ.

ದಾಸೋಹದ ಪಂಕ್ತಿಯಲ್ಲಿ, ಮದುವೆಯ ಊಟದಲ್ಲಿ, ಶಾಲೆಯ ಬಿಸಿಯೂಟದಲ್ಲಿ ಬಡಿಸುವವರಿಗೆ ಅಲರ್ಜಿಯ ಮಾತನ್ನು ಸಂಕೋಚವಿಲ್ಲದೆ ತಿಳಿಸಬೇಕು. "ಪ್ರಸಾದವನ್ನು ಬೇಡವೆನ್ನಬಾರದು, ಸ್ವಲ್ಪ ತಿಂದರೆ ಏನಾಗುತ್ತದೆ" ಎಂದು ಹಿರಿಯರು ಒತ್ತಾಯಿಸುವುದುಂಟು. ನಿಜವಾದ ಅಲರ್ಜಿಯಲ್ಲಿ ಆ ಸ್ವಲ್ಪವೇ ಸಾಕು. ಬಡಿಸುವ ಕೈಗೆ ಭಕ್ತಿಯೊಡನೆ ವಿಚಾರವೂ ಇರಬೇಕು, ಬೇಡವೆನ್ನುವ ಮಗುವಿನ ಮಾತಿಗೆ ಮನ್ನಣೆಯಿರಬೇಕು. ಹಾಗೆಯೇ, ಪರೀಕ್ಷೆಯಿಂದ ನಿರ್ದೋಷಿಯೆಂದು ತಿಳಿದ ಹಣ್ಣನ್ನು ಮರಳಿ ಮನೆಗೆ ತಂದು ಮಕ್ಕಳ ಕೈಗೆ ಕೊಡುವ ಧೈರ್ಯವೂ ತಾಯಿತಂದೆಯರಿಗೆ ಇರಬೇಕು. ವಿಚಾರಿಸಿ ಬಿಟ್ಟದ್ದು ಪಥ್ಯ, ವಿಚಾರಿಸದೆ ಬಿಟ್ಟದ್ದು ಬರಿಯ ಭಯ.